ಹಳೆಯ ಹಾಯಿದೋಣಿ ಕೊಳ್ಳುವವರಿಗೆ



ಮುಂಬಯಿಯಲ್ಲಿ ಮನೆಯ ಮಾತೆತ್ತಿದರೆ ಸಾಕು, ಚದರಡಿಯ ಲೆಕ್ಕ ಶುರುವಾಗುತ್ತದೆ. ನಾನಿರುವ ಚೆಂಬೂರಿನಲ್ಲೂ ಅದೇ ಕತೆ. ಹಳೆಯ ಕಟ್ಟಡಗಳು ಒಂದೊಂದಾಗಿ ಉರುಳಿ ಗೋಪುರಗಳು ಏಳುತ್ತಿವೆ. ಈಗತಾನೇ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಒಂದು ಕೋಣೆಯ ಮನೆಗಾಗಿ ಇಪ್ಪತ್ತು ವರ್ಷದ ಸಾಲ ಹೊರಬೇಕು. ಈ ಲೆಕ್ಕದಿಂದ ಬೇಸತ್ತ ಕೆಲವು ಯುವಕರ ಬಾಯಲ್ಲಿ ಈಚೆಗೆ ಬೇರೊಂದು ಮಾತು ಕೇಳಿಬರುತ್ತಿದೆ. ಹಳೆಯದೊಂದು ಹಾಯಿದೋಣಿ ಕೊಂಡು, ದುರಸ್ತಿ ಮಾಡಿಕೊಂಡು, ಅದರಲ್ಲೇ ಸಂಸಾರ ಹೂಡಿದರೆ ಹೇಗೆ? ಮೂರು ಕಡೆ ನೀರಿರುವ ಊರಲ್ಲಿ ಇಂಥ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಅದನ್ನು ಹುಚ್ಚು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಕೊಟ್ಟ ಮಾತ್ರಕ್ಕೆ ಹಳೆಯ ದೋಣಿ ನಮ್ಮದಾಗುವುದಿಲ್ಲ. ಅದರ ಒಂದೊಂದು ಹಲಗೆಯನ್ನೂ ಮೊಳೆಯನ್ನೂ ನಮ್ಮ ಕೈಯಾರೆ ಸರಿಪಡಿಸಲು ಕಲಿತ ದಿನ ಅದು ನಮ್ಮದಾಗುತ್ತದೆ. ಆ ವಿದ್ಯೆ ಈ ಊರಿನಲ್ಲೇ ಇತ್ತು. ಹುಡುಕಿದರೆ ಈಗಲೂ ಸಿಗುತ್ತದೆ.

ಇದಕ್ಕೆ ಸಾಕ್ಷಿಯಾಗಿ ಮುಂಬಯಿಯಲ್ಲೇ ಹುಟ್ಟಿದ ಒಂದು ದೋಣಿಯ ಕತೆ ಹೇಳುತ್ತೇನೆ. ಅದರ ಹೆಸರು ಸುಹೈಲಿ. 1960ರ ದಶಕದ ಆರಂಭದಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ಇಂಗ್ಲಿಷ್ ತರುಣ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಹಡಗುಗಳಲ್ಲಿ ಅಧಿಕಾರಿಯಾಗಿದ್ದ. ಬೊಂಬಾಯಿ ಅವನಿಗೆ ಬಿಡಾರದ ಊರು. ತನ್ನದೇ ದೋಣಿಯಲ್ಲಿ ಸ್ವದೇಶಕ್ಕೆ ಮರಳಬೇಕೆಂಬುದು ಅವನ ಆಸೆ. ಕೊಲಾಬಾದ ಕಾರ್ಖಾನೆಯೊಂದರಲ್ಲಿ 1963ರಲ್ಲಿ ಕೆಲಸ ಆರಂಭವಾಯಿತು. ಮೂವತ್ತೆರಡು ಅಡಿ ಉದ್ದ, ಎರಡು ಕೂವೆಮರ, ಪೂರ್ತಿ ಸಾಗುವಾನಿ. ನಮ್ಮ ಬಡಗಿಗಳು ಬಾಚಿಯಿಂದ ಮರ ಕೆತ್ತಿ, ಹಗ್ಗ ಸುತ್ತಿ ತಿರುಗಿಸುವ ಬೈರಿಗೆಯಿಂದ ತೂತು ಕೊರೆದು, ಕೈಕೆಲಸದಲ್ಲೇ ಅದನ್ನು ಎಬ್ಬಿಸಿ ನಿಲ್ಲಿಸಿದರು. 1964ರ ಡಿಸೆಂಬರ್ 19ರಂದು ಮೂತಿಗೆ ತೆಂಗಿನಕಾಯಿ ಒಡೆದು ಅದನ್ನು ನೀರಿಗಿಳಿಸಲಾಯಿತು. ತಮ್ಮನನ್ನೂ ಒಬ್ಬ ಗೆಳೆಯನನ್ನೂ ಜೊತೆಗೆ ಕರೆದುಕೊಂಡು ಆತ ಹೊರಟ. ಮಸ್ಕತ್, ಆಫ್ರಿಕದ ಪೂರ್ವತೀರ, ದಕ್ಷಿಣ ಆಫ್ರಿಕ. ಅಲ್ಲಿ ಕೈ ಬರಿದಾದಾಗ ದುಡಿದು ದುಡ್ಡು ಕೂಡಿಸಿಕೊಂಡರು. ಕೇಪ್‌ಟೌನಿನಿಂದ ಎಲ್ಲೂ ನಿಲ್ಲದೆ ಸಾಗಿ 1967ರಲ್ಲಿ ಲಂಡನ್ ಮುಟ್ಟಿದರು. ಅಷ್ಟು ಕಾಲವೂ ಆ ಮೂವತ್ತೆರಡು ಅಡಿಯೇ ಅವರ ಮನೆ, ಅಡುಗೆಕೋಣೆ, ಕಾರ್ಯಾಗಾರ.

ಮುಂದಿನ ವರ್ಷ ಒಂದು ಪಂದ್ಯ ಏರ್ಪಾಡಾಯಿತು: ಒಬ್ಬನೇ, ಎಲ್ಲೂ ನಿಲ್ಲದೆ, ಭೂಮಿಯನ್ನು ಸುತ್ತಿಬರಬೇಕು. ಹೊಸ ದೋಣಿ ಕಟ್ಟಿಸಲು ಅವನ ಹತ್ತಿರ ಹಣವಿರಲಿಲ್ಲ. ಬೊಂಬಾಯಿಯ ಈ ದೋಣಿಯನ್ನೇ ನಂಬಿ 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ಹೊರಟ. ಹೆಚ್ಚು ದಿನ ಕಳೆಯುವುದರೊಳಗೆ, ಅಟ್ಲಾಂಟಿಕ್ ಸಾಗರದ ನಡುವೆ, ದೋಣಿಯೊಳಗೆ ನೀರು ಸೋರತೊಡಗಿತು. ಅಡಿಮರಕ್ಕೂ ಅದರ ಪಕ್ಕದ ಹಲಗೆಗೂ ನಡುವೆ ಸಂದು ಬಿಟ್ಟಿತ್ತು, ಅದೂ ನೀರಿನ ಮಟ್ಟಕ್ಕಿಂತ ಕೆಳಗೆ. ಬಂದರಿನಲ್ಲಾಗಿದ್ದರೆ ದೋಣಿಯನ್ನು ದಡಕ್ಕೆ ಎಳೆದು ನೋಡಬಹುದಿತ್ತು. ಇಲ್ಲಿ ಅವನೇ ಸಮುದ್ರಕ್ಕೆ ಧುಮುಕಬೇಕಾಯಿತು. ಉಸಿರು ಬಿಗಿಹಿಡಿದು ಮುಳುಗಿ, ಸಂದಿಗೆ ಹತ್ತಿಯ ಎಳೆ ಒತ್ತಿ, ಉಸಿರಿಗಾಗಿ ಮೇಲೆ ಬಂದು ಮತ್ತೆ ಮುಳುಗಿ, ಅದರ ಮೇಲೆ ಕ್ಯಾನ್ವಾಸ್ ಪಟ್ಟಿ ಇಟ್ಟು ಸಣ್ಣ ತಾಮ್ರದ ಮೊಳೆ ಹೊಡೆದ. ಮೇಲೊಂದು ತಾಮ್ರದ ತಗಡಿನ ಪಟ್ಟಿಯನ್ನೂ ಹೊದಿಸಿದ. ನಡುವೆ ಶಾರ್ಕ್ ಮೀನೊಂದು ಸುತ್ತು ಹಾಕತೊಡಗಿದಾಗ ದೋಣಿಗೆ ಹತ್ತಿ, ಬಂದೂಕಿನಿಂದ ಅದನ್ನು ಕೊಂದು, ಮತ್ತೆ ನೀರಿಗಿಳಿದು ಕೆಲಸ ಮುಗಿಸಿದ. ಮುಂದೆ ಕುಡಿಯುವ ನೀರು ಕೆಟ್ಟಿತು, ರೇಡಿಯೊ ಕೆಟ್ಟಿತು, ತಾನಾಗಿ ದಿಕ್ಕು ಹಿಡಿಯುವ ಉಪಕರಣ ಮುರಿಯಿತು. ಆದರೂ 1969ರ ಏಪ್ರಿಲ್ 22ರಂದು, 312 ದಿನಗಳ ಬಳಿಕ, ಅವನು ಫಾಲ್ಮತ್‌ಗೆ ಮರಳಿದ. ಪಂದ್ಯಕ್ಕೆ ಹೊರಟ ಒಂಬತ್ತು ಮಂದಿಯಲ್ಲಿ ಗುರಿ ಮುಟ್ಟಿದವನು ಅವನೊಬ್ಬನೇ. ಒಂಟಿಯಾಗಿ, ನಡುವೆ ಎಲ್ಲೂ ನಿಲ್ಲದೆ ಭೂಮಿಯನ್ನು ಸುತ್ತಿದ ಮೊದಲ ಮನುಷ್ಯನನ್ನು ಹೊತ್ತದ್ದು ಕೊಲಾಬಾದ ಬಡಗಿಗಳ ಕೈಯ ದೋಣಿ ಎಂಬುದು ಈ ಊರಿನ ಪ್ರತಿ ಮಗುವಿಗೂ ಗೊತ್ತಿರಬೇಕಾದ ಸಂಗತಿ.

ಈ ಕತೆಗೆ ಇನ್ನೊಂದು ಭಾಗವಿದೆ. ಹಳೆಯ ದೋಣಿ ಕೊಳ್ಳುವವರು ಮುಖ್ಯವಾಗಿ ಕೇಳಿಸಿಕೊಳ್ಳಬೇಕಾದದ್ದು ಇದನ್ನೇ. ಸುಹೈಲಿಯನ್ನು 1997ರಲ್ಲಿ ಲಂಡನ್ನಿನ ಗ್ರಿನಿಚ್‌ನಲ್ಲಿರುವ ಸಾಗರ ಸಂಗ್ರಹಾಲಯದಲ್ಲಿ ಗೌರವದಿಂದ ಇರಿಸಿದರು. ಸೂರು, ಕಾವಲು, ನೋಡಲು ಜನ, ಎಲ್ಲವೂ ಇತ್ತು. ಆದರೆ ಒಳಗಿನ ಒಣ ಹವೆಗೆ ಸಾಗುವಾನಿ ಹಲಗೆಗಳು ಕುಗ್ಗಿ, ಸಂದುಗಳು ತೆರೆದುಕೊಂಡವು. ನಾಕ್ಸ್-ಜಾನ್‌ಸ್ಟನ್ 2002ರಲ್ಲಿ ಅದನ್ನು ಹೊರಗೆ ತಂದರು. ತುಕ್ಕು ಹಿಡಿದ ಕಬ್ಬಿಣದ ಮೊಳೆಗಳನ್ನು ಕಿತ್ತು ಕಂಚಿನ ತಿರುಪು ಹಾಕುವ ಕೆಲಸಕ್ಕೆ ಎಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ತಾವೇ ಕೈಹಚ್ಚಿದರು. 2018ರಲ್ಲಿ, ಆ ಪಂದ್ಯಕ್ಕೆ ಐವತ್ತು ತುಂಬಿದಾಗ, ಸುಹೈಲಿ ಮತ್ತೆ ಹಾಯಿ ಬಿಚ್ಚಿ ಫಾಲ್ಮತ್‌ಗೆ ಬಂತು. ನೀರಿನಲ್ಲಿದ್ದು, ಬಳಕೆಯಲ್ಲಿದ್ದು, ದಿನವೂ ಯಾರಾದರೊಬ್ಬರ ಕೈ ಆಡುತ್ತಿದ್ದರೆ ಮರದ ದೋಣಿ ತಲೆಮಾರುಗಟ್ಟಲೆ ಬಾಳುತ್ತದೆ. ಪೂಜೆಗಿಟ್ಟರೆ ಒಣಗುತ್ತದೆ. ಆದ್ದರಿಂದ ದೋಣಿಯಲ್ಲೇ ವಾಸಿಸುವ ಯೋಚನೆ ದೋಣಿಗೂ ಒಳ್ಳೆಯದೇ.

ಸುಹೈಲಿಯನ್ನು ಕಟ್ಟಿದ ಕೈಗಳು ಆಕಾಶದಿಂದ ಉದುರಿದ್ದಲ್ಲ. ಸೂರತ್ತಿನ ಲವ್‌ಜಿ ನಸರ್‌ವಾನ್‌ಜಿ ವಾಡಿಯಾ ಎಂಬ ಪಾರ್ಸಿ ಮೇಸ್ತ್ರಿ 1736ರಲ್ಲಿ ಬೊಂಬಾಯಿಗೆ ಬಂದರು. 1750ರಲ್ಲಿ ಇಲ್ಲಿ ಹಡಗು ದುರಸ್ತಿಯ ಒಣ ಹೊಂಡ, ಅಂದರೆ ಡ್ರೈ ಡಾಕ್, ಸಿದ್ಧವಾಯಿತು. ಮಲಬಾರಿನಿಂದಲೂ ನಮ್ಮ ಕೆನರಾ ಕಾಡುಗಳಿಂದಲೂ ಸಾಗುವಾನಿ ದಿಮ್ಮಿಗಳು ಸಮುದ್ರಮಾರ್ಗವಾಗಿ ಇಲ್ಲಿಗೆ ಬರುತ್ತಿದ್ದವು. ಆ ವಾಡಿಯಾ ಮನೆತನ 1817ರಲ್ಲಿ ನೀರಿಗಿಳಿಸಿದ ಟ್ರಿಂಕಾಮಲಿ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ತೇಲುತ್ತಿದೆ. ಆ ಹಡಗನ್ನೂ ಒಮ್ಮೆ ಗುಜರಿಗೆ ಮಾರಿದ್ದರು. 1897ರಲ್ಲಿ ವೀಟ್ಲಿ ಕಾಬ್ ಎಂಬವರು ಕೊಂಡು, ದುರಸ್ತಿ ಮಾಡಿಸಿ, ಹುಡುಗರಿಗೆ ನೌಕಾವಿದ್ಯೆ ಕಲಿಸುವ ಹಡಗನ್ನಾಗಿ ಮಾಡಿದರು. ತಂಡ ತಂಡವಾಗಿ ಮಕ್ಕಳು ಅದರಲ್ಲೇ ಉಂಡು ಮಲಗಿ ಕಲಿತರು. 1986ರವರೆಗೂ ಅದು ಹೀಗೆ ನಡೆಯಿತು. ಜನ ವಾಸವಿದ್ದುದರಿಂದಲೇ ಆ ಹಡಗು ಉಳಿಯಿತೆಂದು ನನ್ನ ನಂಬಿಕೆ.

ಕರಾವಳಿಯವರಾದ ನಮಗೂ ಇದರಲ್ಲಿ ಪಾಲಿದೆ. ರೈಲು, ಬಸ್ಸು ಬರುವ ಮೊದಲು ಮಂಗಳೂರು ಹೆಂಚು ಬೊಂಬಾಯಿಗೆ ಬರುತ್ತಿದ್ದುದು ಮಂಜಿ ಎಂಬ ಸರಕಿನ ಹಾಯಿಹಡಗುಗಳಲ್ಲಿ. ಹಡಗಿನ ನಾಯಕನಾದ ತಂಡೇಲನೂ ನಾವಿಕರಾದ ಕಲಾಸಿಗಳೂ ತಿಂಗಳುಗಟ್ಟಲೆ ಆ ಮಂಜಿಯಲ್ಲೇ ಇರುತ್ತಿದ್ದರು. ಅಲ್ಲೇ ಗಂಜಿ ಬೇಯಿಸಿ, ಅಲ್ಲೇ ಹಾಯಿ ಹೊಲಿದು, ಅಲ್ಲೇ ಹಗ್ಗ ಹೊಸೆಯುತ್ತಿದ್ದರು. ರಂಪಣಿ ದೋಣಿಯ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುವ ವಿದ್ಯೆ, ಮರಕ್ಕೆ ಬೂತಾಯಿ ಎಣ್ಣೆಯನ್ನೂ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ಹಚ್ಚಿ ಹುಳ ಬೀಳದಂತೆ ಕಾಯುವ ವಿದ್ಯೆ ನಮ್ಮ ಮೊಗವೀರ, ಖಾರ್ವಿ ಮೀನುಗಾರರ ಮನೆಗಳಲ್ಲಿ ಶಾಲೆಯಿಲ್ಲದೆ ಬೆಳೆದುಬಂದವು. ಮೊಗವೀರರು ಈ ನಗರದಲ್ಲಿ ನೆಲೆಯೂರಿ 1902ರಲ್ಲೇ ತಮ್ಮ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡವರು. ಅವರ ಮಕ್ಕಳು ಮೊಮ್ಮಕ್ಕಳು ಇಂದು ಬ್ಯಾಂಕುಗಳಲ್ಲಿ, ಕಂಪ್ಯೂಟರ್ ಕಂಪನಿಗಳಲ್ಲಿ ಇದ್ದಾರೆ. ಅಜ್ಜನಿಗೆ ಏನು ಗೊತ್ತಿತ್ತೆಂದು ಅವರು ಒಮ್ಮೆ ಕೇಳಿ ಬರೆದಿಡಬೇಕು. ಇನ್ನೊಂದು ತಲೆಮಾರು ಕಳೆದರೆ ಕೇಳಲು ಯಾರೂ ಇರುವುದಿಲ್ಲ.

ಈಗ ಕೊಳ್ಳುವ ಮಾತಿಗೆ ಬರೋಣ. ನಮ್ಮ ಕಟ್ಟಡದ ಒಬ್ಬ ಹುಡುಗ ಹಳೆಯ ಫೈಬರ್ ದೋಣಿಯೊಂದನ್ನು ನೋಡಲು ನನ್ನನ್ನೂ ಕರೆದುಕೊಂಡು ಹೋಗಿದ್ದ. ಬಂದರಿನ ಯಾರ್ಡೊಂದರಲ್ಲಿ ದೋಣಿಯನ್ನು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದ್ದರು. ಬಿಳಿ ಬಣ್ಣ ಹೊಸದಾಗಿ ಬಳಿದು ಥಳಥಳ ಹೊಳೆಯುತ್ತಿತ್ತು. ಜೊತೆಗೆ ಬಂದ ಗಂಗೊಳ್ಳಿ ಕಡೆಯ ಹಿರಿಯ ಮೇಸ್ತ್ರಿಗಳು ಬಣ್ಣದ ಕಡೆ ನೋಡಲೇ ಇಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ಮೇಲ್ಗಟ್ಟೆಯನ್ನು, ಅಂದರೆ ಡೆಕ್ಕನ್ನು, ಗೇಣು ಗೇಣಿಗೂ ತಟ್ಟುತ್ತ ಹೋದರು. ಟಕ್ ಟಕ್ ಎಂದು ಗಟ್ಟಿಯಾಗಿ ಬರುತ್ತಿದ್ದ ಸದ್ದು ಕೂವೆಮರದ ಬುಡದ ಹತ್ತಿರ ಮಂದವಾಯಿತು.

"ಇಲ್ಲ್ ಕಾಣಿ, ಶಬ್ದ ಬೇರೆ ಆಯ್ತ್ ಅಲ್ದಾ? ಒಳ್ಗ್ ನೀರ್ ಹೊಕ್ಕಿತ್" ಎಂದರು.

"ಹಾಗಾದ್ರೆ ಬೇಡ ಅಂತೀರಾ ಮೇಸ್ತ್ರಿಗಳೇ?" ಎಂದು ಹುಡುಗ ಕೇಳಿದ.

"ಬೇಡ ಅಂದ್ ನಾನ್ ಹೇಳುದಿಲ್ಲೆ. ಇದನ್ನ್ ಬಿಚ್ಚಿ ಹೊಸ ಹಲ್ಗಿ ಕೂರ್ಸುಕ್ ನಿಮ್ಗ್ ಪುರ್ಸೊತ್ತ್ ಇತ್ತಾ ಕಾಣಿ" ಎಂದರು.

ಕೊಳ್ಳುವವರೆಲ್ಲ ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ. ಫೈಬರ್ ದೋಣಿಯ ಮೇಲ್ಗಟ್ಟೆಯಲ್ಲಿ ಎರಡು ತೆಳು ಪದರಗಳ ನಡುವೆ ಮರದ ತಿರುಳು ಇರುವುದುಂಟು. ಒಂದು ತಿರುಪಿನ ತೂತಿನಿಂದ ಹನಿ ಹನಿಯಾಗಿ ನೀರು ಇಳಿದರೆ ಒಳಗಿನ ಮರ ಕೊಳೆಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ದೋಣಿಯ ಹೊಟ್ಟೆಯ ಹೊರಮೈಯಲ್ಲಿ ಬೊಬ್ಬೆಗಳೆದ್ದಿವೆಯೇ ಎಂದು ಬೆರಳಾಡಿಸಿ ನೋಡಬೇಕು. ಕೂವೆಮರವನ್ನು ಬಿಗಿದಿರುವ ಉಕ್ಕಿನ ತಂತಿಗಳಲ್ಲಿ ಒಂದು ಎಳೆ ಕಿತ್ತಿದ್ದರೂ ಎಲ್ಲವನ್ನೂ ಬದಲಿಸುವುದು ಕ್ಷೇಮ. ನೀರಿನ ಮಟ್ಟದ ಕೆಳಗಿರುವ ಪ್ರತಿಯೊಂದು ವಾಲ್ವನ್ನೂ ತಿರುಗಿಸಿ ನೋಡಬೇಕು. ಹಾಳಾದ ಒಂದು ವಾಲ್ವು ಸಾಕು, ಲಂಗರಿನಲ್ಲಿ ನಿಂತಿರುವಾಗಲೇ ದೋಣಿ ಮುಳುಗಲು. ಉಪ್ಪುನೀರಿನಲ್ಲಿ ಎರಡು ಬೇರೆ ಬೇರೆ ಲೋಹಗಳು ಕೂಡಿದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಅದಕ್ಕೇ ಪ್ರೊಪೆಲ್ಲರಿನ ಹತ್ತಿರ ಸತುವಿನ ತುಂಡು ಕಟ್ಟುತ್ತಾರೆ. ಆ ಸತು ಸವೆದು ಉಳಿದದ್ದನ್ನು ಕಾಯುತ್ತದೆ. ಒಳಗಿನ ಮರಗೆಲಸಕ್ಕೆ 710 ಗುರುತಿನ ಮರೀನ್ ಪ್ಲೈವುಡ್ ಬೇಕು, ಬಡಾವಣೆಯ ಅಂಗಡಿಯ ಅಗ್ಗದ ಹಲಗೆ ಸಲ್ಲದು. ಎಲ್ಲಕ್ಕಿಂತ ಮುಖ್ಯವಾದದ್ದು ಅಡುಗೆ ಅನಿಲ. ಅದು ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಕಿಟಕಿ ಬಾಗಿಲು ತೆರೆದು ಹೊರಹಾಕಬಹುದು. ದೋಣಿಯಲ್ಲಿ ಅದು ತಳಕ್ಕಿಳಿದು ಕೂಡಿಕೊಳ್ಳುತ್ತದೆ, ಒಂದು ಕಿಡಿ ತಾಗಿದರೆ ಸ್ಫೋಟ. ಸಿಲಿಂಡರಿನ ಪೆಟ್ಟಿಗೆಯಿಂದ ಅನಿಲ ಹೊರಕ್ಕೆ ಹರಿಯುವ ದಾರಿ ಇರಲೇಬೇಕು. ಸರ್ವೇಯರ್ ಒಬ್ಬರಿಗೆ ಶುಲ್ಕ ಕೊಟ್ಟು ಇವೆಲ್ಲವನ್ನೂ ಬರೆಸಿಕೊಳ್ಳಿ. ಕೊಂಡ ಬೆಲೆಯಷ್ಟೇ ಹಣವನ್ನು ದುರಸ್ತಿಗೂ ತೆಗೆದಿಡಿ.

ಸಾಮಾನು ಎಲ್ಲಿ ಸಿಗುತ್ತದೆ? ಚೆಂಬೂರಿನವರಿಗೆ ಇದು ಸುಲಭ. ಹಾರ್ಬರ್ ಲೈನಿನ ಗಾಡಿ ಹತ್ತಿ ರೇ ರೋಡಿನಲ್ಲಿ ಇಳಿದರೆ ದಾರೂಖಾನಾ. ಹಳೆಯ ಹಡಗು ಒಡೆಯುವ ಜಾಗ ಅದು. ಒಡೆದ ಹಡಗುಗಳಿಂದ ಬಂದ ಹಗ್ಗ, ಸರಪಳಿ, ಲಂಗರು, ದುಂಡು ಕಿಟಕಿ, ಹಿತ್ತಾಳೆಯ ದೀಪ, ಬಾಗಿಲುಗಳು ಸುತ್ತಲಿನ ಗುಜರಿ ಅಂಗಡಿಗಳ ಮುಂದೆ ರಾಶಿ ಬಿದ್ದಿರುತ್ತವೆ. ಲಂಗರು, ಸರಪಳಿಯಂಥ ವಸ್ತುಗಳನ್ನು ಅಲ್ಲಿ ನೋಡಿ ಆರಿಸಬಹುದು. ಪ್ರಾಣರಕ್ಷಣೆಯ ಸಾಮಾನನ್ನು ಮಾತ್ರ ಹಳೆಯದು ಕೊಳ್ಳಬಾರದು.

ಇನ್ನು ವಾಸದ ಮಾತು. ಇಲ್ಲಿ ನಾನು ನೇರವಾಗಿ ಹೇಳಬೇಕು. ಚೆಂಬೂರಿನ ಮಗ್ಗುಲಲ್ಲೇ ಮಾಹುಲ್ ಖಾಡಿಯಿದೆ, ತುಸು ಮುಂದೆ ಟ್ರಾಂಬೆಯ ಕೋಳಿವಾಡ, ಅಂದರೆ ಕೋಳಿ ಸಮುದಾಯದ ಮೀನುಗಾರರ ಕೇರಿ. ಅಲ್ಲಿ ದೋಣಿ ಕಟ್ಟಿಕೊಂಡರಾಯಿತೆಂದು ಎಣಿಸುವವರಿದ್ದಾರೆ. ಮುಂಬಯಿಯ ನೀರು ದಿನಕ್ಕೆರಡು ಬಾರಿ ಏರಿಳಿಯುತ್ತದೆ. ದೊಡ್ಡ ಉಬ್ಬರದ ದಿನಗಳಲ್ಲಿ ವ್ಯತ್ಯಾಸ ಐದು ಮೀಟರಿನ ಹತ್ತಿರ ಹೋಗುತ್ತದೆ. ಇಳಿತದ ಹೊತ್ತಿಗೆ ಶಿವಡಿಯಿಂದ ಮಾಹುಲ್‌ವರೆಗೆ ಬರೀ ಕೆಸರು. ಚಳಿಗಾಲದಲ್ಲಿ ಫ್ಲೆಮಿಂಗೊ ಹಕ್ಕಿಗಳು ಸಾವಿರಗಟ್ಟಲೆ ಬಂದಿಳಿಯುವುದು ಆ ಕೆಸರಿಗಾಗಿಯೇ. ಕೋಳಿ ಮೀನುಗಾರರ ದೋಣಿ ಆ ಕೆಸರಿನ ಮೇಲೆ ನೆಟ್ಟಗೆ ಕೂರುತ್ತದೆ. ಆಳವಾದ ಅಡಿಮರವಿರುವ ಹಾಯಿದೋಣಿ ಪಕ್ಕಕ್ಕೆ ವಾಲಿಬಿಡುತ್ತದೆ. ಸಾಲದ್ದಕ್ಕೆ ಅಲ್ಲಿ ತೈಲ ಸಂಸ್ಕರಣಾಗಾರಗಳು, ಎಣ್ಣೆ ಹಡಗುಗಳ ಜೆಟ್ಟಿ, ಅಣುಶಕ್ತಿ ಕೇಂದ್ರ. ಭದ್ರತಾ ವಲಯದ ಆ ನೀರಿನಲ್ಲಿ ಯಾರೆಂದರೆ ಅವರು ಲಂಗರು ಹಾಕುವಂತಿಲ್ಲ. ಹಾಯಿದೋಣಿಗಳು ನಿಲ್ಲುವುದು ಗೇಟ್‌ವೇ ಆಫ್ ಇಂಡಿಯಾದ ಎದುರಿನ ನೀರಿನಲ್ಲಿ. ಮಳೆಗಾಲ ಬಂತೆಂದರೆ ಅಲ್ಲೂ ನಿಲ್ಲುವಂತಿಲ್ಲ. ಮೇ ತಿಂಗಳ ಕೊನೆಯೊಳಗೆ ದೋಣಿಯನ್ನು ಕ್ರೇನಿನಿಂದ ದಡಕ್ಕೆ ಎತ್ತಬೇಕು. ಯಾಂತ್ರಿಕ ದೋಣಿಗಳ ಮೀನುಗಾರರಿಗೂ ಜೂನ್ 1ರಿಂದ ಜುಲೈ 31ರವರೆಗೆ ಕಡಲು ಬಂದ್. ನಾರಳೀ ಹುಣ್ಣಿಮೆಯಂದು ಕೋಳಿ ಮೀನುಗಾರರು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುವುದು, ಅದೇ ದಿನಗಳಲ್ಲಿ ನಮ್ಮವರು ಮಲ್ಪೆಯಲ್ಲಿ ಸಮುದ್ರಪೂಜೆ ಮಾಡುವುದು ಈ ಕಾರಣಕ್ಕೇ. ಕಡಲನ್ನು ಬಲ್ಲವರು ಅದಕ್ಕೆ ಅದರ ಕಾಲ ಬಿಟ್ಟುಕೊಡುತ್ತಾರೆ. ಆದ್ದರಿಂದ ಮುಂಬಯಿಯಲ್ಲಿ ಹನ್ನೆರಡು ತಿಂಗಳೂ ದೋಣಿಯಲ್ಲೇ ವಾಸ ಎಂಬುದು ಸದ್ಯಕ್ಕೆ ಆಗದ ಮಾತು. ಅಕ್ಟೋಬರಿನಿಂದ ಮೇವರೆಗೆ ಸಮುದ್ರ, ಮಳೆಗಾಲದಲ್ಲಿ ದಡದ ಮೇಲೆ ದುರಸ್ತಿ. ಹೀಗೆ ವರ್ಷವನ್ನು ಹಂಚಿಕೊಂಡವರು ನೆಮ್ಮದಿಯಿಂದಿರುತ್ತಾರೆ. ನೋಂದಣಿಯ ಕಾಗದಪತ್ರವಿಲ್ಲದ ದೋಣಿಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ಕರಾವಳಿ ಕಾವಲು ಪಡೆಯ 1554 ಸಂಖ್ಯೆಯನ್ನು ದೋಣಿಯೊಳಗೆ ಕಣ್ಣಿಗೆ ಬೀಳುವಂತೆ ಬರೆದಿಡಿ.

ಇಷ್ಟು ತೊಡಕುಗಳಿದ್ದ ಮೇಲೆ ಏಕೆ ಬೇಕು ಎಂದು ಕೆಲವರಿಗೆ ಅನ್ನಿಸಬಹುದು. ಅವರಿಗೆ ಕಡಲಿಗಿಳಿದ ನಮ್ಮವರ ಉದಾಹರಣೆ ಕೊಡುತ್ತೇನೆ. ನಮ್ಮ ಸೇನೆಯ ಎಂಜಿನಿಯರುಗಳು ಇಂಗ್ಲೆಂಡಿನಲ್ಲಿ ಕೊಂಡ ಮೂವತ್ತೇಳು ಅಡಿಯ ಹಳೆಯ ದೋಣಿಗೆ ತೃಷ್ಣಾ ಎಂದು ಹೆಸರಿಟ್ಟು, 1985ರ ಸೆಪ್ಟೆಂಬರ್ 28ರಂದು ಬೊಂಬಾಯಿಯಿಂದ ಹೊರಟು, ಭೂಮಿಯನ್ನು ಸುತ್ತಿ 1987ರ ಜನವರಿ 10ರಂದು ಇಲ್ಲಿಗೇ ಮರಳಿದರು. ಭಾರತೀಯರು ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆ ಮಾಡಿದ್ದು ಅದೇ ಮೊದಲು. ಅಂಚೆ ಇಲಾಖೆ ಅದರ ನೆನಪಿಗೆ ಅಂಚೆಚೀಟಿ ತಂದಿತು. ನೌಕಾಪಡೆಯ ದಿಲೀಪ್ ದೊಂದೆ 2009ರ ಆಗಸ್ಟ್ 19ರಂದು ಇದೇ ಮುಂಬಯಿಯಿಂದ ಮ್ಹಾದೇಯಿ ದೋಣಿಯಲ್ಲಿ ಒಂಟಿಯಾಗಿ ಹೊರಟು, ಭೂಮಿಯನ್ನು ಸುತ್ತಿ 2010ರ ಮೇ 19ರಂದು ಮರಳಿದರು. ಆ ದೋಣಿ ಗೋವೆಯ ದೀವಾಡಿ ದ್ವೀಪದಲ್ಲಿ ರತ್ನಾಕರ ದಾಂಡೇಕರ್ ಅವರ ಕಾರ್ಖಾನೆಯಲ್ಲಿ ತಯಾರಾಗುವಾಗ ದೊಂದೆ ಜೊತೆಗಿದ್ದು ಅದರ ಒಳಹೊರಗನ್ನು ಅರಿತುಕೊಂಡಿದ್ದರು. ನೌಕಾಪಡೆಯವರೇ ಆದ ಅಭಿಲಾಷ್ ಟೋಮಿ 2018ರಲ್ಲಿ, ಸುಹೈಲಿ ಗೆದ್ದ ಪಂದ್ಯದ ನೆನಪಿಗೆ ಮತ್ತೆ ನಡೆದ ಒಂಟಿ ಭೂಪ್ರದಕ್ಷಿಣೆಯ ಪಂದ್ಯದಲ್ಲಿ, ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ ಬೆನ್ನುಮೂಳೆ ಮುರಿದುಕೊಂಡರು. ಮತ್ತೆ ಎದ್ದು 2022ರಲ್ಲಿ ಅದೇ ಪಂದ್ಯಕ್ಕೆ ಹೋದರು. ಆ ಪಂದ್ಯದ ನಿಯಮದಂತೆ ದೋಣಿಯ ವಿನ್ಯಾಸ 1988ಕ್ಕಿಂತ ಹಳೆಯದಾಗಿರಬೇಕು. ದಾರಿಯಲ್ಲಿ ದಿಕ್ಕು ಹಿಡಿಯುವ ಉಪಕರಣದ ಅಲಗು ಮುರಿದಾಗ ದೋಣಿಯ ಶೌಚಾಲಯದ ಬಾಗಿಲನ್ನೇ ಕೊಯ್ದು ಹೊಸದನ್ನು ಮಾಡಿಕೊಂಡರು. 2023ರ ಏಪ್ರಿಲಿನಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು. ದೋಣಿಯ ಪ್ರತಿ ಹಲಗೆಯೂ ಗೊತ್ತಿದ್ದವನಿಗೆ ಬಾಗಿಲೂ ಬಿಡಿಭಾಗವೇ.

ಕೊನೆಯದಾಗಿ ಎರಡು ಕೋರಿಕೆ. ಮೊದಲನೆಯದು ಆಡಳಿತದವರಿಗೆ. ಕೊಚ್ಚಿಯ ಬೋಳ್ಗಾಟ್ಟಿ ದ್ವೀಪದಲ್ಲಿ ಮರೀನಾ ಇದೆ. ದೂರದಿಂದ ಬಂದ ಹಾಯಿದೋಣಿಗಳು ಅಲ್ಲಿ ಕಟ್ಟಿಕೊಂಡು ನೀರು, ವಿದ್ಯುತ್ತು ಪಡೆಯಬಹುದು. ಡ್ರೈ ಡಾಕ್ ಕಟ್ಟಿ ಹೆಚ್ಚೂಕಡಿಮೆ ಮುನ್ನೂರು ವರ್ಷವಾಗುತ್ತ ಬಂದ ಮುಂಬಯಿಯಲ್ಲಿ ಅಂಥ ಸೌಕರ್ಯ ಸಾಮಾನ್ಯರ ಕೈಗೆಟುಕುವಂತೆ ಆಗಬೇಕು. ಪೂರ್ವ ದಂಡೆಯ ಹಳೆಯ ಬಂದರು ಜಾಗಗಳನ್ನು ಏನು ಮಾಡಬೇಕೆಂಬ ಚರ್ಚೆ ನಡೆದಾಗಲೆಲ್ಲ ದೋಣಿ ದುರಸ್ತಿಗೆ ಒಂದು ತುಂಡು ದಡ ಮೀಸಲಿಡಿ, ಕೋಳಿ ಮೀನುಗಾರರ ದೋಣಿಗೂ ಹಾಯಿದೋಣಿಗೂ ಸಮನಾಗಿ.

ಎರಡನೆಯದು ನಮ್ಮವರಿಗೆ. ಚೆಂಬೂರು ಕರ್ನಾಟಕ ಸಂಘದಂಥ ಸಂಸ್ಥೆಗಳೂ ಮೊಗವೀರ ಬಂಧುಗಳೂ ಸೇರಿ ಹಳೆಯ ತಂಡೇಲರನ್ನು, ದೋಣಿ ಮೇಸ್ತ್ರಿಗಳನ್ನು ಶಾಲೆಗೆ ಕರೆಸಿ, ಮಕ್ಕಳ ಕೈಗೆ ಬಾಚಿ, ಹಗ್ಗ ಕೊಡಿಸಬೇಕು. ಯುವಕರು ಮೊದಲು ಯಾರದಾದರೂ ದೋಣಿಯಲ್ಲಿ ಒಂದು ಹಂಗಾಮು ಕೆಲಸಕ್ಕೆ ನಿಲ್ಲಲಿ. ಬಣ್ಣ ಕೆರೆಯಲಿ, ಎಂಜಿನ್ ಬಿಚ್ಚಲಿ, ಉಬ್ಬರ ಇಳಿತದ ಪಟ್ಟಿ ಓದಲು ಕಲಿಯಲಿ. ಆಮೇಲೆ ಸಣ್ಣದೊಂದು ದೋಣಿ ಕೊಳ್ಳಲಿ, ತಮ್ಮ ಒಬ್ಬರ ಬಲದಿಂದ ದುರಸ್ತಿ ಮಾಡಬಹುದಾದಷ್ಟು ಸಣ್ಣದು. ಚದರಡಿಯ ಲೆಕ್ಕಕ್ಕೆ ಅದು ಉತ್ತರವಾಗದಿರಬಹುದು. ಆದರೆ ಕೈಯಲ್ಲೊಂದು ವಿದ್ಯೆ ಇರುತ್ತದೆ, ಅದಕ್ಕೆ ಯಾರಿಗೂ ಬಾಡಿಗೆ ಕೊಡಬೇಕಾಗಿಲ್ಲ. ಈ ಊರು ಕಟ್ಟಿದ ದೋಣಿಗಳು ಇನ್ನೂರು ವರ್ಷ ತೇಲಿವೆ. ಕಲಿಯುವವರು ಬಂದರೆ ಇನ್ನೂ ತೇಲಿಸಬಲ್ಲ ಮೇಸ್ತ್ರಿಗಳು ನಮ್ಮ ನಡುವೆ ಇದ್ದಾರೆ. ಈ ವರ್ಷವೇ ಅವರ ಬಳಿಗೆ ಹೋಗಿ ಎಂಬುದು ನನ್ನ ಪ್ರಾರ್ಥನೆ.